ಇಲಿಯಲ್ಲ, ಮೊಲದ ನೆಂಟ

ವಿದ್ಯಾರ್ಥಿಗಳೇ, ಹಿಮಾಲಯದ ಕಲ್ಲುಸಂದಿಯಿಂದ ಇಣುಕುವ ಪೀಕಾವನ್ನು ಇಲಿ ಎಂದುಕೊಳ್ಳುವವರಿದ್ದಾರೆ. ಸರಿಯಾಗಿ ನೋಡಿ. ಕಿವಿ ದುಂಡಗಿದೆ, ಬಾಲ ಹೊರಗೆ ಕಾಣುವುದೇ ಇಲ್ಲ. ಮೇಲ್ದವಡೆಯ ಬಾಚಿಹಲ್ಲುಗಳ ಹಿಂದೆ ಇನ್ನೊಂದು ಜೊತೆ ಪುಟ್ಟ ಹಲ್ಲುಗಳಿವೆ. ಇದು ಇಲಿಗಿಲ್ಲ, ಮೊಲಕ್ಕಿದೆ. ಆದ್ದರಿಂದ ಪೀಕಾ ಮೊಲದ ನೆಂಟ.

ಅಮೆರಿಕ ಖಂಡಗಳ ರಕೂನ್ ಕುಟುಂಬದಲ್ಲೂ ಇಂಥದೇ ಗೊಂದಲ. ಪಟ್ಟೆಬಾಲದ ನಮ್ಮ ಕೆಂಪು ಪಾಂಡಾವನ್ನೂ ಹಿಂದೆ ಆ ಕುಟುಂಬಕ್ಕೆ ಸೇರಿಸಿದ್ದರು. ಈಗ ಅದರದು ಪ್ರತ್ಯೇಕ ಕುಟುಂಬ. ಅಮೆರಿಕದ ಮೃಗಾಲಯಗಳಲ್ಲಿದ್ದ ಒಂದು ಹೆಣ್ಣನ್ನು ಓಲಿಂಗೋ ಎಂದೇ ತಿಳಿದು, ಜೋಡಿಗಾಗಿ ಊರಿಂದೂರಿಗೆ ಸಾಗಿಸಿದರು. ಮರಿಯಾಗಲಿಲ್ಲ. ಅದು ಓಲಿಂಗಿಟೊ ಎಂಬ ಬೇರೆಯೇ ಪ್ರಭೇದ! ಸಂಗ್ರಹಾಲಯಗಳ ತಲೆಬುರುಡೆ, ಹಲ್ಲು, ಚರ್ಮಗಳನ್ನು ಪರೀಕ್ಷಿಸಿದ ಮೇಲೆ, 2013ರಲ್ಲಿ ಇದು ಪ್ರಕಟವಾಯಿತು.

ಹೊರನೋಟ ಸಾಲದಿದ್ದರೆ? ಸಿಕ್ಕಿಂನ ಪೀಕಾವನ್ನು ಚೀನಾದ ಮೌಪಿನ್ ಪೀಕಾದ ಉಪಪ್ರಭೇದವೆಂದು ಎಣಿಸಿದ್ದರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಶೋಧಕರು ಹಿಕ್ಕೆಗಳಿಂದ ಡಿಎನ್‌ಎ ತೆಗೆದು ಹೋಲಿಸಿದರು. ಅದು 'ಒಕೋಟೋನಾ ಸಿಕಿಮೇರಿಯಾ' ಎಂಬ ಸ್ವತಂತ್ರ ಪ್ರಭೇದವೆಂದು 2016ರಲ್ಲಿ ತಿಳಿಸಿದರು.

ಹೆಸರು ತಪ್ಪಿದರೆ ನಷ್ಟವೇನು ಎಂದು ಪೋಷಕರು ಕೇಳಬಹುದು. ಒಂದು ಜೀವಿ ಅಳಿಯುತ್ತಿದ್ದರೂ 'ಬೇರೆ ಕಡೆ ಇವೆಯಲ್ಲ' ಎಂದು ಸುಮ್ಮನಿರುತ್ತೇವೆ. ಪೀಕಾಗಳಿಗೆ ತಂಪು ಬೇಕು. ಬೆಟ್ಟ ಬಿಸಿಯಾದರೆ ಅವು ಮೇಲಕ್ಕೇರಬೇಕು. ಶಿಖರದಾಚೆಗೆ ಜಾಗವಿಲ್ಲ.

ಈ ವಾರದ ಅಭ್ಯಾಸ: ಅಂಗಳದ ಅಳಿಲಿನ ಕಿವಿ, ಬಾಲ, ಬೆನ್ನಿನ ಗೆರೆಗಳನ್ನು ನೋಡಿ ಬರೆದಿಡಿ. ಲಕ್ಷಣ ಮೊದಲು, ಹೆಸರು ಆಮೇಲೆ.