ಎದೆಯೊಳಗಿನ ಕಾಲುವೆ ಒಡೆದಾಗ

ಭತ್ತದ ಚೀಲ ಹೊರುವ ಇಪ್ಪತ್ತೈದರ ಗಟ್ಟಿ ಯುವಕನಿಗೆ ಹಠಾತ್ತನೆ ಎದೆನೋವು ಬಂದು ಏದುಸಿರು ಹತ್ತಿದರೆ, ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವುದು ‘ಗ್ಯಾಸ್ ಆಗಿರಬೇಕು’ ಎಂಬ ಮಾತು. ಓಮಿನ ಕಾಳು, ಸೋಡಾ, ಬಳಿಕ ದೃಷ್ಟಿ ತೆಗೆಯುವುದು. ಹೃದ್ರೋಗವೆಂದರೆ ವಯಸ್ಸಾದವರದೆಂದು ನಾವೆಲ್ಲ ನಂಬಿದ್ದೇವೆ. ಆ ನಂಬಿಕೆಗೆ ಸಿಗದ ಒಂದು ವಿರಳ ಜನ್ಮದೋಷದ ವಿಚಾರವನ್ನು ಈ ಸಲ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಹೃದಯದಿಂದ ಹೊರಡುವ ಮಹಾಧಮನಿಯ ಬುಡದಲ್ಲಿ ಮೂರು ಸಣ್ಣ ಉಬ್ಬುಗಳಿವೆ. ಇಟಲಿಯ ವೈದ್ಯ ವಲ್ಸಾಲ್ವನ ಹೆಸರೇ ಅವುಗಳಿಗೆ ನಿಂತಿದೆ. ಕೆಲವರಲ್ಲಿ ಒಂದು ಉಬ್ಬಿನ ಗೋಡೆ ಹುಟ್ಟಿನಿಂದಲೇ ದುರ್ಬಲ. ವರ್ಷಗಟ್ಟಲೆ ರಕ್ತದೊತ್ತಡ ತಾಳಿ ಅದು ಚೀಲದಂತೆ ಹಿಗ್ಗಿ, ಬಹುಮಟ್ಟಿಗೆ ಯೌವನದಲ್ಲಿಯೇ, ಕೆಲವೊಮ್ಮೆ ಭಾರ ಎತ್ತುವಾಗಲೇ ಒಡೆಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಒಡೆದರೆ ಏನಾಗುವುದೆಂದು ನಮ್ಮ ರೈತರಿಗೆ ಹೇಳಿಕೊಡಬೇಕಿಲ್ಲ: ಕೊನೆಯ ಹೊಲಕ್ಕೆ ನೀರಿಲ್ಲ, ಪಕ್ಕದ ಹೊಲ ಮುಳುಗುತ್ತದೆ. ಇಲ್ಲಿಯೂ ಮೈಗೆಲ್ಲ ಹರಿಯಬೇಕಾದ ರಕ್ತ ಹೃದಯದ ಬಲಭಾಗಕ್ಕೆ ನುಗ್ಗುತ್ತದೆ. ಕಾಲು ಬಾತುಕೊಳ್ಳುತ್ತದೆ, ಅಂಗಾತ ಮಲಗಲಾಗದು. ಮುಚ್ಚದೆ ಬಿಟ್ಟರೆ ಹೃದಯ ಸೋಲುತ್ತದೆ.

ಹಿಂದೆ ಎದೆ ಸೀಳಿ ಹೊಲಿಯುವುದೊಂದೇ ದಾರಿಯಾಗಿತ್ತು. ಕ್ಯಾತಿಟರ್ ಎಂಬ ತೆಳುನಳಿಕೆಯ ಮೂಲಕ ಮುಚ್ಚಿದ ಮೊದಲ ವರದಿ ಬಂದದ್ದು 1994ರಲ್ಲಿ. ತೊಡೆಸಂದಿಯ ರಕ್ತನಾಳದಿಂದ ತಂತಿಯೊಂದನ್ನು ಹೃದಯದವರೆಗೆ ಕಳುಹಿಸಿ ರಂಧ್ರ ದಾಟಿಸುತ್ತಾರೆ. ಅದರ ಜಾಡಿನಲ್ಲಿ ನಳಿಕೆ ಹೋಗುತ್ತದೆ. ನಿಕ್ಕಲ್ ಮತ್ತು ಟೈಟೇನಿಯಂ ಬೆರೆತ ತಂತಿಯಿಂದ ಹೆಣೆದ ಪುಟ್ಟ ಬಿರಡೆ ಅದರೊಳಗೆ ಮುದುಡಿಕೊಂಡು ಸಾಗಿ, ರಂಧ್ರದಲ್ಲಿ ಅರಳಿ ಕೂರುತ್ತದೆ. ಎದೆಯ ಮೇಲೆ ಗಾಯದ ಗುರುತೂ ಉಳಿಯದು. ಮದುವೆಯ ವಯಸ್ಸಿನ ಮಕ್ಕಳಿರುವ ಮನೆಗಳಿಗೆ ಇದು ಸಣ್ಣ ಮಾತಲ್ಲ. ಆದರೆ ಗುರುತಿಲ್ಲವೆಂದು ರೋಗವನ್ನೇ ಬೀಗರಿಂದ ಮುಚ್ಚಿಡುವುದು ನಮಗೆ ಒಪ್ಪಿಗೆಯಿಲ್ಲ. ಈ ವಿಧಾನ ಎಲ್ಲರಿಗೂ ಒಗ್ಗುವುದಿಲ್ಲ. ಕವಾಟ ಬಹಳ ಸೋರುತ್ತಿದ್ದರೆ, ಸೋಂಕು ತಗುಲಿದ್ದರೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ವೈದ್ಯರು ಎದೆಗೆ ಸ್ಟೆತಾಸ್ಕೋಪ್ ಇಟ್ಟಾಗ ಕೇಳುವ ಎಡೆಬಿಡದ ಮರ್ಮರ ಸದ್ದು ಈ ರೋಗದ ಸುಳಿವು. ಎಕೋ ಪರೀಕ್ಷೆಯಲ್ಲಿ ಅದು ಖಚಿತವಾಗುತ್ತದೆ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಗೊಂಡಿದೆ. ಹೃದಯದ ತಪಾಸಣೆಗೆಂದು ಬೆಂಗಳೂರಿನ ಬಸ್ಸು ಹಿಡಿಯಬೇಕಾಗಿಲ್ಲ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವುಂಟು. ಪಡಿತರ ಚೀಟಿ, ಆಧಾರ್ ಒಂದೆಡೆ ಇರಲಿ, ತಾಲ್ಲೂಕು ಆಸ್ಪತ್ರೆಯ ಶಿಫಾರಸು ಪತ್ರ ಪಡೆಯಿರಿ. ಉಸಿರು ಕಟ್ಟುತ್ತಿರುವವನನ್ನು ಮಾತ್ರ ಕಾಗದಪತ್ರಕ್ಕಾಗಿ ಕಾಯಿಸದೆ 108ಕ್ಕೆ ಕರೆ ಮಾಡಿ. ಚಿಕಿತ್ಸೆಯ ನಂತರವೂ ಕೆಲ ತಿಂಗಳು ಮಾತ್ರೆ, ಮರಳಿ ಎಕೋ ತಪ್ಪಿಸುವಂತಿಲ್ಲ. ಚೀಲ ಹೊರುವುದು ವೈದ್ಯರು ಒಪ್ಪಿದ ಮೇಲೆಯೇ.