ಕೆಲಸ ಕೊಡುವ ಮೊದಲೇ ದುಡಿಸಿಕೊಳ್ಳುವವರು

ಹಿಂದೆ ನನ್ನ ತರಗತಿಯಲ್ಲಿ ಲೆಕ್ಕ ಕಲಿತ ಜಾಲಿಯ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ಆರು ವರ್ಷದಿಂದ ದತ್ತಾಂಶ ವಿಶ್ಲೇಷಣೆಯ ಕೆಲಸದಲ್ಲಿದ್ದಾಳೆ. ಯಾವ ಮಾಲು ಯಾವ ತಿಂಗಳಲ್ಲಿ ಓಡುತ್ತದೆಂದು ನಮ್ಮ ಅಂಗಡಿಕಾರರು ಖಾತೆ ಪುಸ್ತಕ ತಿರುವಿ ಹೇಳುತ್ತಾರಲ್ಲ, ಅದನ್ನೇ ಲಕ್ಷಾಂತರ ಗಿರಾಕಿಗಳ ಲೆಕ್ಕ ಹಿಡಿದು ಕಂಪ್ಯೂಟರಿನಲ್ಲಿ ಮಾಡುವ ಕಸುಬು. ಹಿರಿಯ ಹುದ್ದೆಯೊಂದಕ್ಕೆ ಅರ್ಜಿ ಹಾಕಿದಳು. ಐದು ಸಲ ಸಂದರ್ಶನ ನಡೆಯಿತು. ನಡುವೆ ಕಂಪೆನಿಯ ಮಾರಾಟದ ಲೆಕ್ಕವನ್ನೇ ಕೈಗಿತ್ತು, ಮಾರಾಟ ಎಲ್ಲಿ ಕುಸಿದಿದೆ, ಏಕೆ, ಏನು ಮಾಡಬೇಕು ಎಂದು ಬರೆದು ತರಲು ಹೇಳಿದರು. ಶನಿವಾರ, ಭಾನುವಾರ ನಿದ್ದೆಗೆಟ್ಟು ಬರೆದುಕೊಟ್ಟಳು. ಕೊನೆಯ ಮಹಾಶಯರು ಲೆಕ್ಕದ ಮಾತೇ ಎತ್ತಲಿಲ್ಲ. ಮದುವೆ ಯಾವಾಗ, ಈಗಿನ ಸಂಬಳ ಎಷ್ಟು, ಇವೇ ಎರಡು ಪ್ರಶ್ನೆ. ಆಮೇಲೆ ಹೌದು ಎಂಬ ಉತ್ತರವಿಲ್ಲ, ಇಲ್ಲ ಎಂಬ ಉತ್ತರವೂ ಇಲ್ಲ. ವರದಿ ಮಾತ್ರ ಅವರ ಬಳಿ ಉಳಿಯಿತು.

ದೊಡ್ಡ ಸಂಬಳದವರ ಈ ಗೋಳು ನಮಗೇಕೆ ಎಂದು ಗಿರಣಿಯ ಗೆಳೆಯರು ಕೇಳಬಹುದು. ಮುಂಬಯಿಯ ಬಟ್ಟೆ ಗಿರಣಿಗಳ ಜಾಬರನನ್ನು ನೆನಪಿಸಿಕೊಳ್ಳಿ. ಬಾಗಿಲಲ್ಲಿ ನಿಂತು ಯಾರನ್ನು ಒಳಗೆ ಬಿಡಬೇಕು, ಯಾರನ್ನು ಅಟ್ಟಬೇಕು ಎಂದು ನಿರ್ಧರಿಸುತ್ತಿದ್ದವನು ಅವನೇ. ದಸ್ತೂರಿ ಕೊಟ್ಟವನಿಗೆ, ತನ್ನ ಕಡೆಯವನಿಗೆ ಮಗ್ಗ. ಅವನ ಕೈ ಕಟ್ಟಲು ಬದಲಿ ಕಾರ್ಮಿಕರಿಗೆ ಕಾರ್ಡು ಕೊಡುವ ಏರ್ಪಾಡನ್ನು 1935ರಲ್ಲಿ ಮಾಲೀಕರ ಸಂಘವೇ ತರಬೇಕಾಯಿತು. ಇಂದಿನ ಜಾಬರ ದಸ್ತೂರಿ ಕೇಳುವುದಿಲ್ಲ, ಇಂಗ್ಲಿಷಿನಲ್ಲಿ ನಗುತ್ತಾನೆ. ‘ನಮ್ಮವರ ಜೊತೆ ಹೊಂದಿಕೊಳ್ಳುವುದಿಲ್ಲ’ ಎಂದರೆ ಅವನ ಕೆಲಸ ಮುಗಿಯಿತು. ಆ ‘ನಮ್ಮವರು’ ಯಾರೆಂದು ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನ ಪ್ರವೇಶದಲ್ಲೂ ಇದೇ ಆಗಿತ್ತು. ಬರವಣಿಗೆಗೆ 100 ಅಂಕ, ಮಾತಿಗೆ 50. ಮಾತು ಎಂದರೆ ಎರಡು ಮೂರು ನಿಮಿಷ, ತಂದೆ ಯಾರು, ಮನೆ ಎಲ್ಲಿ ಎಂಬ ವಿಚಾರಣೆ. ಅಜಯ್ ಹಾಸಿಯಾ ಮೊಕದ್ದಮೆಯಲ್ಲಿ 1980ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಇಂಥ ಆಯ್ಕೆಯಲ್ಲಿ ಮೌಖಿಕಕ್ಕೆ ಶೇಕಡಾ 15ಕ್ಕಿಂತ ಹೆಚ್ಚು ಅಂಕ ಇಡುವುದು ಸಲ್ಲದೆಂದಿತು. ಸಂದರ್ಶನವನ್ನು ಟೇಪಿನಲ್ಲಿ ದಾಖಲಿಸುವುದು ಲೇಸೆಂದೂ ಹೇಳಿತು. ಆದರೆ ಆ ತೀರ್ಪು ನಿಂತದ್ದು ಸಂವಿಧಾನದ 14ನೆಯ ವಿಧಿಯ ಮೇಲೆ. ಅದು ಸರಕಾರವನ್ನೂ ಅದರ ಅಂಗಸಂಸ್ಥೆಗಳನ್ನೂ ಕಟ್ಟುತ್ತದೆ, ಖಾಸಗಿ ಧಣಿಯನ್ನು ಕಟ್ಟುವುದಿಲ್ಲ.

ಒಳ್ಳೆಯ ಕೆಲಸಗಾರನನ್ನು ಆರಿಸುವ ಹಕ್ಕು ಮಾಲೀಕನಿಗೆ ಇರಲಿ, ಬೇಡವೆಂದವರಾರು? ಆದರೆ ಮನಬಂದಂತೆ ಹರಟಿ ಆರಿಸಿದರೆ ಅವನ ಉದ್ದೇಶವೂ ಈಡೇರುವುದಿಲ್ಲ. ಎಲ್ಲರಿಗೂ ಅದೇ ಪ್ರಶ್ನೆ, ಮೊದಲೇ ಗೊತ್ತುಮಾಡಿದ ಅಂಕ, ಹೀಗೆ ನಡೆಸಿದ ಸಂದರ್ಶನವೇ ಕೆಲಸಗಾರನ ಯೋಗ್ಯತೆಯನ್ನು ಹೆಚ್ಚು ಸರಿಯಾಗಿ ತಿಳಿಸುತ್ತದೆಂದು ಅಮೆರಿಕೆಯ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಹಳೆಯ ಸಂಶೋಧನೆಗಳನ್ನೆಲ್ಲ ಜಾಲಿಸಿ ತೋರಿಸಿದ್ದಾರೆ. ಹಳೆಯ ಸಂಬಳ ಕೇಳುವುದನ್ನು ಕ್ಯಾಲಿಫೋರ್ನಿಯಾ 2018ರ ಜನವರಿಯಿಂದ ಕಾನೂನಿನಿಂದಲೇ ನಿಷೇಧಿಸಿದೆ. ಬಂಡವಾಳಗಾರರ ಆ ನಾಡಿನಲ್ಲಿ ಆದದ್ದು ಬೆಂಗಳೂರಿನಲ್ಲಿ ಏಕಾಗದು? ಪರೀಕ್ಷೆಯ ಹೆಸರಿನಲ್ಲಿ ಒಂದು ದಿನಕ್ಕಿಂತ ಹೆಚ್ಚು ದುಡಿಸಿಕೊಂಡರೆ ಕೂಲಿ ಕೊಡಬೇಕು, ಬೇಡವೆಂದವರಿಗೆ ಕಾರಣವನ್ನು ಬರೆದು ತಿಳಿಸಬೇಕು ಎಂದು ರಾಜ್ಯ ಸರಕಾರ ಕಾಯಿದೆ ತರಲಿ. ಗಿರಣಿಯ ಸಂಘವೂ ವರ್ತಕರ ಸಂಘವೂ ಈ ಬೇಡಿಕೆಯನ್ನು ತಮ್ಮ ಠರಾವಿನಲ್ಲಿ ಸೇರಿಸಿಕೊಳ್ಳಬೇಕು. ಆ ಬಾಗಿಲಲ್ಲಿ ನಾಳೆ ನಿಲ್ಲುವವರು ನಿಮ್ಮ ಮಕ್ಕಳು.

ಹುಡುಗಿಗೆ ಬರುವ ತಿಂಗಳು ಇನ್ನೊಂದು ಕಂಪೆನಿಯಿಂದ ಕರೆ ಬಂದಿದೆ. ಬರೆದು ತಾ ಎಂದರೆ ಕೂಲಿ ಎಷ್ಟೆಂದು ಕೇಳುತ್ತೇನೆ ಎನ್ನುತ್ತಾಳೆ. ಕೇಳಬೇಡ, ಇದ್ದುದೂ ಹೋದೀತು ಎಂದು ಬಟ್ಟೆ ಅಂಗಡಿಯಲ್ಲಿ ಕೂತ ಅವಳ ತಂದೆ.