ಸಕ್ಕರೆಯ ಅಂಕಿಯೊಂದನ್ನೇ ನೆಚ್ಚಿಕೊಳ್ಳದಿರಲು ಮನವಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಮಧುಮೇಹವಿದೆ. ಇವರಲ್ಲಿ ಹೆಚ್ಚಿನವರ ಚಿಂತೆಯೆಲ್ಲ ಸಕ್ಕರೆಯ ಅಂಕಿಯ ಸುತ್ತಲೇ ಸುತ್ತುತ್ತದೆಯಾದರೂ, ಮಧುಮೇಹಿಗಳ ಸಾವಿಗೆ ಎಲ್ಲಕ್ಕಿಂತ ದೊಡ್ಡ ಕಾರಣವಾಗಿರುವುದು ಹೃದಯ ಮತ್ತು ರಕ್ತನಾಳಗಳ ರೋಗ. ದೀರ್ಘಕಾಲ ಏರಿದ ಸಕ್ಕರೆ ರಕ್ತನಾಳದ ಒಳಪದರವನ್ನು ಹಾಳುಗೆಡವುತ್ತದೆ. ಹಾಳಾದ ಆ ಪದರದೊಳಗೆ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಸುಲಭವಾಗಿ ಸೇರಿಕೊಳ್ಳುತ್ತದೆ. ರಕ್ತದೊತ್ತಡವೂ ಹೊಗೆಸೊಪ್ಪಿನ ಚಟವೂ ಜೊತೆಗೂಡಿದರೆ ನಾಳ ಇನ್ನಷ್ಟು ಬೇಗ ಕಿರಿದಾಗುತ್ತದೆ.

ಆದುದರಿಂದಲೇ ಸಕ್ಕರೆಯೊಂದನ್ನೇ ಇಳಿಸಿದರೆ ಹೃದಯಕ್ಕೆ ಪೂರ್ಣ ರಕ್ಷಣೆ ದೊರೆಯುವುದಿಲ್ಲ. ಡೆನ್ಮಾರ್ಕಿನ ಸ್ಟೆನೊ ಕೇಂದ್ರದಲ್ಲಿ 160 ಮಧುಮೇಹಿಗಳ ಮೇಲೆ ನಡೆದ ಅಧ್ಯಯನದಲ್ಲಿ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್ ಮತ್ತು ಜೀವನಕ್ರಮಗಳನ್ನು ಒಟ್ಟಿಗೇ ಹತೋಟಿಗೆ ತರಲು ಯತ್ನಿಸಿದ ಗುಂಪಿನಲ್ಲಿ, ಸುಮಾರು 8 ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದ ಅನಾಹುತಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಆ ಗುಂಪಿನಲ್ಲೂ ಸಕ್ಕರೆಯ ಗುರಿ ಮುಟ್ಟಿದವರು ಕೆಲವರೇ ಎಂಬ ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು.

ನಮ್ಮಲ್ಲಿ ಆಗುತ್ತಿರುವುದು ಬೇರೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು ವರದಿ ‘ನಾರ್ಮಲ್’ ಬಂದ ಕೂಡಲೇ ಬಿಟ್ಟುಬಿಡುವವರು ಬಹಳ. ಅಂಕಿ ಇಳಿದದ್ದು ಮಾತ್ರೆಯಿಂದಲೇ ಎಂಬುದು ಅವರಿಗೆ ಹೊಳೆಯುವುದಿಲ್ಲ. ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ಅಲ್ಪ ಪ್ರಮಾಣದಲ್ಲಿ ಸೋರುವುದು ಮೂತ್ರಪಿಂಡಕ್ಕೆ ಮಾತ್ರವಲ್ಲ, ಹೃದಯಕ್ಕೂ ಒದಗಬಹುದಾದ ಅಪಾಯದ ಮುನ್ಸೂಚನೆಯಾಗಿದ್ದರೂ, ವರ್ಷಕ್ಕೊಮ್ಮೆ ಮಾಡಿಸಬೇಕಾದ ಈ ಸರಳ ಪರೀಕ್ಷೆಯ ಹೆಸರನ್ನೇ ಅನೇಕರು ಕೇಳಿರುವುದಿಲ್ಲ. ಅನ್ನವನ್ನು ಪೂರ್ತಿ ಬಿಟ್ಟು ಮೂರು ಹೊತ್ತೂ ಮುದ್ದೆ ಉಣ್ಣುತ್ತಾ, ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳಗಳನ್ನು ಹಾಗೆಯೇ ಉಳಿಸಿಕೊಳ್ಳುವುದನ್ನು ಪಥ್ಯ ಎನ್ನಲಾಗದು. ದಿನದ ಉಪ್ಪು 5 ಗ್ರಾಂ ಮೀರಬಾರದು.

ಇನ್ನೊಂದು ಅಪಾಯವಂತೂ ಸದ್ದಿಲ್ಲದ್ದು. ಮಧುಮೇಹದಿಂದ ನರಗಳು ಕುಂದಿದವರಲ್ಲಿ ಹೃದಯಾಘಾತವು ಎದೆನೋವಿಲ್ಲದೆಯೂ ಬರಬಹುದು. ಏದುಸಿರು, ತಣ್ಣನೆಯ ಬೆವರು, ವಾಕರಿಕೆ ಅಥವಾ ಕಾರಣವಿಲ್ಲದ ಸುಸ್ತು ಮಾತ್ರ ಕಾಣಿಸಬಹುದು. ಇದನ್ನು ‘ಗ್ಯಾಸ್ಟ್ರಿಕ್’ ಎಂದುಕೊಂಡು ಸೋಡಾ ಕುಡಿಸಿ, ಜೀರಿಗೆ ಕಷಾಯ ಕಾಯಿಸಿ ಮಲಗಿಸುವ ಮನೆಗಳಲ್ಲಿ ಅಮೂಲ್ಯವಾದ ಮೊದಲ ಗಂಟೆಗಳು ಕಳೆದುಹೋಗುತ್ತವೆ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ಅಗತ್ಯವಿದ್ದವರಿಗೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಆದರೆ ರೋಗಿ ವೇಳೆಗೆ ಸರಿಯಾಗಿ ತಲುಪದಿದ್ದರೆ ಅದು ಪ್ರಯೋಜನಕ್ಕೆ ಬಾರದು.

ಆದಕಾರಣ ಮಧುಮೇಹವುಳ್ಳವರಲ್ಲಿಯೂ ಅವರ ಮನೆಯವರಲ್ಲಿಯೂ ಮಾಡುವ ಮನವಿ ಇಷ್ಟು: ಬೀಡಿ, ಸಿಗರೇಟು, ಹೊಗೆಸೊಪ್ಪುಗಳನ್ನು ಬಿಡಬೇಕು, ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು, ಮುಂದಿನ ಸಲ ವೈದ್ಯರ ಬಳಿ ಹೋದಾಗ ಸಕ್ಕರೆಯ ಜೊತೆಗೆ ರಕ್ತದೊತ್ತಡ, ಎಲ್‌ಡಿಎಲ್ ಮತ್ತು ಮೂತ್ರದ ಅಲ್ಬುಮಿನ್ ಎಷ್ಟಿದೆಯೆಂದು ತಾವಾಗಿಯೇ ಕೇಳಿ ತಿಳಿದುಕೊಳ್ಳಬೇಕು.